ಒಳಬದಿಯ ಜಾಗ

ಕೊನೆಯ ತಿರುವು ದಾಟಿ ನಾಲ್ಕು ಕುದುರೆಗಳು ನೇರ ದಾರಿಗೆ ಬಂದಾಗ ಅನುಪಮಾ ಬೈನಾಕ್ಯುಲರನ್ನು ಕಣ್ಣಿಗೆ ಇನ್ನಷ್ಟು ಒತ್ತಿಕೊಂಡಳು. ಓಟ ನೋಡುವ ಅಟ್ಟಣಿಗೆಯ ಮೇಲೆ ಅವಳ ಪಕ್ಕದಲ್ಲಿ ನಿಂತಿದ್ದ ಅಶೋಕ್ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದ. ಹಾರಂಗಿ ಅಣೆಕಟ್ಟಿನ ಹಿನ್ನೀರಿನ ಹತ್ತಿರದ ಈ ಕುದುರೆ ಫಾರಂ ಅವನದು. ಅಮ್ಮತ್ತಿಯಲ್ಲಿ ಕಾಫಿ ತೋಟ, ಇಲ್ಲಿ ಕುದುರೆ ಹುಚ್ಚು.

ಮುಂದಿದ್ದದ್ದು ರೊಬಸ್ಟಾ ಎಂಬ ಕಂದು ಕುದುರೆ, ಅದರ ಮೇಲೆ ಮೋಕ್ಷಿತ್. ಅದರ ಹಿಂದೆ, ಟ್ರ್ಯಾಕಿನ ಒಳಬದಿಯಾದ ಬಲಗಡೆಯ ರೇಲಿಂಗಿಗೆ ಅಂಟಿಕೊಂಡಂತೆ, ಸಿಲ್ವರ್ ಓಕ್ ಎಂಬ ಬೂದು ಕುದುರೆಯ ಮೇಲೆ ಯಮುನಾ. ಇಬ್ಬರೂ ಅಪ್ರೆಂಟಿಸ್ ಜಾಕಿಗಳು. ಇದೇ ಲಾಯದಲ್ಲಿ ಲದ್ದಿ ಎತ್ತುತ್ತಾ ಸವಾರಿ ಕಲಿತವರು. ಉಳಿದ ಎರಡು ಕುದುರೆಗಳ ಮೇಲಿದ್ದವರು ಹಳೇ ಸವಾರರು, ಓಟಕ್ಕೆ ಸಂಖ್ಯೆ ತುಂಬಿಸಲು ಬಂದವರು. ಮೈಸೂರಿನ ಸೀಸನ್‌ಗೆ ರೊಬಸ್ಟಾ ಜೊತೆ ಇಬ್ಬರು ಅಪ್ರೆಂಟಿಸ್‌ಗಳಲ್ಲಿ ಒಬ್ಬರು ಮಾತ್ರ ಹೋಗಬೇಕಿತ್ತು. ಯಾರು ಎಂದು ಹೇಳಲಿಕ್ಕೆ ಅಶೋಕ್ ಪೊನ್ನಂಪೇಟೆಯಿಂದ ಅನುಪಮಾಳನ್ನು ಕರೆಸಿದ್ದ. ಒಂದು ಕಾಲಕ್ಕೆ ಅವಳೇ ಜಾಕಿ. ಆಮೇಲೆ ವರ್ಷಗಟ್ಟಲೆ, ರೇಸಿನಲ್ಲಿ ಯಾರು ಸರಿ ಯಾರು ತಪ್ಪು ಎಂದು ವಿಚಾರಣೆ ಮಾಡುವ ಸ್ಟುವರ್ಡ್ ಆಗಿದ್ದವಳು.

ರೊಬಸ್ಟಾಗೂ ರೇಲಿಂಗಿಗೂ ನಡುವೆ ಒಂದು ಕುದುರೆ ನುಗ್ಗುವಷ್ಟು ಜಾಗ ತೆರೆದುಕೊಂಡಿತು. ಯಮುನಾ ನುಗ್ಗಿದಳು. ಮೋಕ್ಷಿತ್ ಕಂಕುಳ ಸಂದಿಯಿಂದ ಹಿಂದಕ್ಕೊಮ್ಮೆ ನೋಡಿ, ಎಡಗೈಯಲ್ಲಿದ್ದ ಚಾಟಿ ಬೀಸಿದ. ಏಟು ಬಿದ್ದ ಬದಿಯಿಂದ ದೂರ ಸರಿದು ರೊಬಸ್ಟಾ ಬಲಕ್ಕೆ ವಾಲಿತು. ಇನ್ನೊಂದು ಏಟು, ಇನ್ನಷ್ಟು ವಾಲಿತು. ತೆರೆದಿದ್ದ ಜಾಗ ಮುಚ್ಚಿಹೋಯಿತು. ಸಿಲ್ವರ್ ಓಕ್ ರೇಲಿಂಗಿಗೆ ಉಜ್ಜಿ ಮುಗ್ಗರಿಸಿತು. ಯಮುನಾಳ ಒಂದು ಕಾಲು ಜೀನಿನಿಂದ ಇಳಿಬಿದ್ದ ರಿಕಾಪಿನಿಂದ ಕಳಚಿ ಗಾಳಿಯಲ್ಲಿ ಜೋಲಾಡಿತು. ಅವಳು ಕುದುರೆಯ ಕತ್ತನ್ನು ತಬ್ಬಿಕೊಂಡಳು.

ಕುದುರೆ ಹೇಗೋ ಸಾವರಿಸಿಕೊಂಡು ಓಡಿತು. ಹುಡುಗಿ ಬೀಳಲಿಲ್ಲ.

"ಗೆದ್ದ! ನಮ್ಮ ಮೋಕ್ಷಿ ಗೆದ್ದ!" ಎಂದು ಕೆಳಗಿನಿಂದ ಕೂಸಪ್ಪ ಕೂಗಿದ. ಅವನು ಫಾರಂನ ಟ್ರೇನರ್, ಮೋಕ್ಷಿತನ ಸೋದರಮಾವ.

"ಗೆದ್ದೋರು ಯಾರು ಅಂತ ಈಗ್ಲೇ ಹೇಳ್ಬೇಡಿ," ಎಂದಳು ಅನುಪಮಾ. "ಇಬ್ಬರನ್ನೂ ಒಬ್ಬೊಬ್ಬರಾಗಿ ನನ್ನ ಹತ್ರ ಕಳ್ಸಿ."

ಲಾಯದ ಪಕ್ಕದ ಕೋಣೆಗೆ ಮೊದಲು ಬಂದವಳು ಯಮುನಾ. ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಗಳು. ಮೊಣಕಾಲಿನ ಹತ್ತಿರ ಪ್ಯಾಂಟ್ ಹರಿದು ರಕ್ತ ಜಿನುಗುತ್ತಿತ್ತು, ಅದರ ಕಡೆ ಅವಳಿಗೆ ಗಮನವೇ ಇರಲಿಲ್ಲ.

"ಒಳಗೆ ಯಾಕೆ ಹೋದೆ? ಹೊರಗಡೆ ದಾರಿ ಖಾಲಿ ಇತ್ತಲ್ಲ."

"ಸುತ್ತಿ ಬಂದ್ರೆ ಸಿಗ್ತಿರ್ಲಿಲ್ಲ ಮೇಡಂ. ಜಾಗ ಇತ್ತು, ಹೋದೆ."

"ಮುಂದೆ ಇದ್ದವನಿಗೆ ಕೂಗಿ ಹೇಳಿದ್ಯಾ?"

ಯಮುನಾ ತಲೆ ತಗ್ಗಿಸಿದಳು. "ಇಲ್ಲ."

"ಅವನು ಬೇಕಂತಲೇ ಮುಚ್ಚಿದ್ನಾ?"

ಹುಡುಗಿ ತಲೆ ಎತ್ತಿದಳು. "ನಂಗೆ ಅವನ ಬೆನ್ನು ಮಾತ್ರ ಕಾಣ್ತಿತ್ತು. ನೋಡದೇ ಇದ್ದದ್ದನ್ನ ಹೇಗೆ ಹೇಳ್ಲಿ ಮೇಡಂ?"

ಮೋಕ್ಷಿತ್ ಬಂದಾಗ ಕೂಸಪ್ಪನೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಅನುಪಮಾ ಅವನನ್ನು ಹೊರಗೆ ಹೋಗು ಎನ್ನಲಿಲ್ಲ.

"ರೊಬಸ್ಟಾನೇ ಒಳಕ್ಕೆ ಎಳೀತದೆ ಮೇಡಂ. ಅದ್ರ ಚಾಳಿನೇ ಹಾಗೆ," ಎಂದ ಮೋಕ್ಷಿತ್. ಮಾತು ಕಂಠಪಾಠ ಮಾಡಿ ಬಂದಂತಿತ್ತು.

"ಹಿಂದೆ ಯಾರಾದ್ರೂ ಇದ್ದಾರಾ ಅಂತ ನೋಡಿದ್ಯಾ?"

"ಇಲ್ಲ."

ಅವನು ನೋಡಿದ್ದನ್ನು ಅನುಪಮಾ ಕಣ್ಣಾರೆ ಕಂಡಿದ್ದಳು. ಹುಡುಗ ಸುಳ್ಳು ಹೇಳುತ್ತಿದ್ದಾನೆ, ಇವನಿಗೆ ಇನ್ನೆಂದೂ ಕುದುರೆ ಕೊಡಬೇಡಿ ಎಂದು ಅಲ್ಲೇ ಹೇಳಿಬಿಡುವ ಮನಸ್ಸಾಯಿತು.

"ಎಂತ ಮೇಡಂ, ಇದು ರೇಸ್ ಅಲ್ವಾ?" ಎಂದ ಕೂಸಪ್ಪ. "ಮುಂದೆ ಇರುವವ ದಾರಿ ಬಿಟ್ಟು ಕೊಡ್ಬೇಕಾ? ಕುದುರೆ ವಾಲುದು ಮಾತ್ರ ನಿಜ. ಬೇಕಾದ್ರೆ ನೀವೇ ಹತ್ತಿ ನೋಡಿ."

ಆ ಮಾತು ಅವಳನ್ನು ತಡೆಯಿತು. ಕುದುರೆ ವಾಲುವುದು ನಿಜವೇ ಆಗಿದ್ದರೆ? ಸುಳ್ಳು ಹೇಳಿದ ಎಂಬ ಸಿಟ್ಟಿಗೆ ಸವಾರಿಯ ತಪ್ಪನ್ನೂ ಅವನ ತಲೆಗೇ ಕಟ್ಟಿದರೆ ಅದು ತೀರ್ಪಾಗುತ್ತದೆಯೇ?

"ಕುದುರೆಗಳು ಸುಧಾರಿಸಿಕೊಳ್ಳಲಿ. ಯಾವುದಕ್ಕೂ ನೋವಿಲ್ಲ ಅಂತ ಡಾಕ್ಟರ್ ಹೇಳಿದ್ರೆ ಮುಂದಿನ ವಾರ ಇನ್ನೊಂದು ಓಟ," ಎಂದಳು. "ಅವನ ಕುದುರೆ ಅವಳಿಗೆ, ಅವಳ ಕುದುರೆ ಅವನಿಗೆ."

ಅಶೋಕನಿಗೆ ಇದು ಹಿಡಿಸಲಿಲ್ಲ. "ಅಷ್ಟು ದೂರ ಯಾಕೆ ಎಳೀತೀರಾ? ಗೆದ್ದವನು ಕಣ್ಣೆದುರಿಗೇ ಇದ್ದಾನೆ."

"ಮೈಸೂರಲ್ಲಿ ಹತ್ತು ಕುದುರೆ ಓಡುವಾಗ ಇವನು ಹೀಗೇ ವಾಲಿದ್ರೆ, ಕೆಳಗೆ ಬಿದ್ದವರ ಮನೆಗೆ ನೀವು ಹೋಗಿ ಹೇಳ್ತೀರಾ ಅಶೋಕ್?"

ಅಶೋಕ್ ಫೋನ್ ತೆಗೆದು ಕುದುರೆ ಡಾಕ್ಟರಿಗೆ ಕರೆ ಮಾಡಿದ.

ಮುಂದಿನ ವಾರ, ಎರಡನೇ ಓಟದ ಬೆಳಿಗ್ಗೆ, ಹಿನ್ನೀರಿನ ಕಡೆಯಿಂದ ಮಂಜು ಎದ್ದು ಬಂದು ಟ್ರ್ಯಾಕಿನ ದೂರದ ಬದಿಯನ್ನು ನುಂಗಿಬಿಟ್ಟಿತ್ತು. ಓಟ ಶುರುವಾದದ್ದು ಕಿವಿಗೆ ಗೊತ್ತಾಯಿತೇ ಹೊರತು ಕಣ್ಣಿಗಲ್ಲ. ಗೊರಸಿನ ಸದ್ದು ಹತ್ತಿರವಾದಂತೆ ಅನುಪಮಾ ಅಟ್ಟಣಿಗೆಯ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಮಂಜನ್ನು ಸೀಳಿಕೊಂಡು ಮೊದಲು ಬಂದದ್ದು ರೊಬಸ್ಟಾ, ಅದರ ಮೇಲೆ ಯಮುನಾ. ಹಿಂದೆ ಸಿಲ್ವರ್ ಓಕ್. ಮೋಕ್ಷಿತ್ ಒಳಬದಿಯನ್ನೇ ಹಿಡಿದಿದ್ದ. ಅವತ್ತು ಯಮುನಾ ಇದ್ದ ಅದೇ ಕಡೆ.

ನೇರ ದಾರಿಗೆ ಬಿದ್ದದ್ದೇ ರೊಬಸ್ಟಾ ಬಲಕ್ಕೆ ವಾಲತೊಡಗಿತು.

ಹಾಗಾದರೆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ! ಕುದುರೆ ತಾನಾಗಿಯೇ ಎಳೆಯುತ್ತಿತ್ತು. ಯಮುನಾ ಎಡ ಲಗಾಮು ಜಗ್ಗಿದಳು. ಕುದುರೆ ಬಗ್ಗಲಿಲ್ಲ. ಹಿಂದಿನಿಂದ ಮೋಕ್ಷಿತನ ಕೂಗು ಕೇಳಿತು. "ಒಳಗಿದ್ದೀನಿ! ಯಮುನಾ, ಒಳಗಿದ್ದೀನಿ!" ಆ ಕೂಗಿನಲ್ಲಿ ಹೆದರಿಕೆ ಇತ್ತು. ಜಾಗ ಕಿರಿದಾಗುತ್ತಾ ಬಂತು. ಹಿಂದೆ ಸರಿಯಲು ಅವನಿಗೆ ಹೊತ್ತು ಮೀರಿತ್ತು.

ಅನುಪಮಾ ಕಂಬಿಯ ಮೇಲೆ ಬಗ್ಗಿದಳು.

ಯಮುನಾ ಚಾಟಿಯನ್ನು ಬಲಗೈಗೆ ಬದಲಿಸಲು ಹೋದಳು. ಬೆರಳು ತಪ್ಪಿತು, ಚಾಟಿ ಕೆಳಗೆ ಬಿತ್ತು. ಅವಳು ಅದರ ಯೋಚನೆ ಬಿಟ್ಟಳು. ಎರಡೂ ಕೈಗಳಲ್ಲಿ ಲಗಾಮು ಹಿಡಿದು, ಮೈಯ ಭಾರವನ್ನೆಲ್ಲ ಎಡಕ್ಕೆ ಹಾಕಿ, ಕುದುರೆಯನ್ನು ಓಡಿಸುವುದನ್ನೇ ನಿಲ್ಲಿಸಿ ನೇರ ಮಾಡುವುದಕ್ಕೆ ನಿಂತಳು. ರೊಬಸ್ಟಾ ತಲೆ ಕೊಡವಿ, ವೇಗ ಕಳಕೊಂಡು, ರೇಲಿಂಗಿನಿಂದ ದೂರ ಸರಿಯಿತು. ಆ ಸಂದಿಯಲ್ಲಿ ಸಿಲ್ವರ್ ಓಕ್ ಬಾಣದಂತೆ ದಾಟಿಹೋಯಿತು.

ಮೋಕ್ಷಿತ್ ಮತ್ತೆ ಗೆದ್ದಿದ್ದ. ಆದರೆ ಈ ಸಲ ಕೂಸಪ್ಪ ಕೂಗಲಿಲ್ಲ.

ಅಶೋಕ್ ಅನುಪಮಾಳತ್ತ ತಿರುಗಿದ. "ಈಗಲಾದ್ರೂ ಒಪ್ತೀರಾ? ಎರಡು ಕುದುರೆ ಮೇಲೂ ಅವನೇ ಗೆದ್ದ."

"ಯಮುನಾನ ಮೈಸೂರಿಗೆ ಕಳ್ಸಿ," ಎಂದಳು ಅನುಪಮಾ.

"ಸೋತವಳನ್ನಾ?"

"ಕುದುರೆ ಇಬ್ಬರ ಕೈಯಲ್ಲೂ ವಾಲಿತು. ಅವನು ವಾಲಿದ ಕಡೆಗೇ ತಳ್ಳಿ ಗೆದ್ದ. ಇವಳು ಗೆಲ್ಲೋ ಓಟ ಬಿಟ್ಟು ನೇರ ಮಾಡಿದಳು. ನಿಮ್ಮ ಕುದುರೆ ಮೇಲೆ ಯಾರು ಕೂತಿರ್ಬೇಕು ಅಂತ ಕೇಳಿದ್ರಿ, ಹೇಳಿದೆ."

ಇಬ್ಬರು ಅಪ್ರೆಂಟಿಸ್‌ಗಳೂ ಮೆಟ್ಟಿಲ ಕೆಳಗೆ ಬಂದು ನಿಂತಿದ್ದರು. ಅನುಪಮಾ ಇಳಿದು ಹೋದಳು. ಯಮುನಾಳಿಗೆ ಮೊದಲು ಬೈಗುಳವೇ ಸಿಕ್ಕಿತು. "ಚಾಟಿ ಬದಲಿಸೋಕೆ ಬರದೆ ರೇಸಿಗೆ ಹೋಗ್ತೀಯಾ? ಅವತ್ತು ಬಾಯಿ ಬಿಡದೆ ಸಂದಿಗೆ ನುಗ್ಗಿದೆಯಲ್ಲ, ಅದು ಧೈರ್ಯ ಅಲ್ಲ, ದಡ್ಡತನ. ಅವನು ಇವತ್ತು ಕೂಗಿದ, ಅದಕ್ಕೇ ನಿನಗೆ ಗೊತ್ತಾಗಿದ್ದು."

ಯಮುನಾ ತಲೆಯಾಡಿಸಿದಳು.

ಮೋಕ್ಷಿತ್ ಹೆಲ್ಮೆಟ್ ಪಟ್ಟಿಯನ್ನು ಬಿಚ್ಚುತ್ತಾ ಕಟ್ಟುತ್ತಾ ನಿಂತಿದ್ದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಅವತ್ತು ನೋಡಿದ್ದೆ ಮೇಡಂ," ಎಂದ ಇದ್ದಕ್ಕಿದ್ದಂತೆ. "ಇವಳು ಒಳಗೆ ಬರುದು ನೋಡಿಯೇ ಹೊಡೆದೆ. ಹೆದರಿ ಹಿಂದೆ ಹೋಗ್ತಾಳೆ ಅಂದ್ಕೊಂಡೆ. ಅಲ್ಲಿಂದ ಹಿಂದೆ ಹೋಗ್ಲಿಕ್ಕೆ ಆಗುದಿಲ್ಲ ಅಂತ ನಂಗೆ ಇವತ್ತು ಗೊತ್ತಾಯ್ತು."

"ಮೋಕ್ಷಿ, ಸುಮ್ಮನಿರು," ಎಂದ ಕೂಸಪ್ಪ.

"ಇಲ್ಲ ಮಾವ. ನೋಡಿಲ್ಲ ಅಂತ ಹೇಳು ಅಂದಿದ್ದು ನೀವು."

ಕೂಸಪ್ಪ ಬೇರೆ ಕಡೆ ನೋಡಿದ. ಆಮೇಲೆ ಸಿಲ್ವರ್ ಓಕಿನ ಜೀನು ಬಿಚ್ಚತೊಡಗಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು.

"ಈ ಸೀಸನ್ ನೀನು ರೇಸ್ ಓಡೋದಿಲ್ಲ," ಎಂದಳು ಅನುಪಮಾ ಹುಡುಗನಿಗೆ. "ರೊಬಸ್ಟಾ ಮೈಸೂರಿಗೆ ಹೋಗೋವರೆಗೆ ದಿನಾ ಬೆಳಿಗ್ಗೆ ಅದನ್ನ ನೀನೇ ಓಡಿಸು, ಚಾಟಿ ಬಲಗೈಯಲ್ಲಿ ಹಿಡಿದು. ನೇರ ಓಡಿಸೋದು ಕಲಿತ ಮೇಲೆ ಕರಿ, ನಾನೇ ಬಂದು ನೋಡ್ತೀನಿ."

"ಬರ್ತೀರಾ?"

"ಸುಳ್ಳು ಹೇಳಿದ್ದಕ್ಕೆ ನಿನ್ನನ್ನ ಇಲ್ಲಿಂದ್ಲೇ ಕಳಿಸ್ಬೇಕು ಅಂತಿದ್ದೆ. ಈಗ ಹಾಗೆ ಅನ್ನಿಸ್ತಿಲ್ಲ. ಬರ್ತೀನಿ."

ಮೋಕ್ಷಿತನ ಕಣ್ಣು ತುಂಬಿತು. ಅದನ್ನು ತೋರಿಸಿಕೊಳ್ಳದೆ ಅವನು ಟ್ರ್ಯಾಕಿನ ಕಡೆ ನಡೆದ, ಯಮುನಾಳ ಚಾಟಿ ಬಿದ್ದ ಜಾಗ ಹುಡುಕಿಕೊಂಡು. ಅವಳೂ ಹಿಂದೆಯೇ ಹೋದಳು. ಮಂಜಿನಲ್ಲಿ ಇಬ್ಬರೂ ತಲೆ ಬಗ್ಗಿಸಿ ಮರಳಿನಲ್ಲಿ ಹುಡುಕುತ್ತಾ ಏನೋ ಜಗಳವಾಡುತ್ತಿರುವುದು ಕೇಳಿಸುತ್ತಿತ್ತು.