ಅಧ್ಯಕ್ಷರು ಹಾಸಿಗೆಯಲ್ಲಿದ್ದಾರೆ

ಹಾಡಹಗಲಲ್ಲಿ, ಅಂಗಡಿಯ ಗಾಜಿನ ಕಿಟಕಿಯೊಳಗೆ, ಪಟ್ಟೆಪಟ್ಟೆ ಪೈಜಾಮ ತೊಟ್ಟು ಮಲಗುವುದು ಮರ್ಯಾದಸ್ಥರ ಕೆಲಸವಲ್ಲ. ಆದರೆ ಆ ಐಡಿಯಾ ತನ್ನದೇ ಆದ್ದರಿಂದ ವರ್ನರ್ ಡಾಲ್ ಯಾರನ್ನೂ ಬೈಯುವ ಹಾಗಿರಲಿಲ್ಲ.

ಹೈವೇ ಪಕ್ಕ ಶಾಪಿಂಗ್ ಸೆಂಟರ್ ಎದ್ದ ಮೇಲೆ ಕೆಲ್ಟನ್ ಊರಿನ ಮೇನ್ ಸ್ಟ್ರೀಟಿನವರು ನೊಣ ಹೊಡೆಯುತ್ತಿದ್ದರು. ವರ್ತಕರ ಸಂಘದ ಅಧ್ಯಕ್ಷನೆಂದು ವರ್ನರ್ ತಲೆ ಓಡಿಸಿದ್ದೇ ಓಡಿಸಿದ್ದು. ಒಂದು ಬೇಸಗೆಯಲ್ಲಿ ಬ್ಯಾಂಕಿನ ಛಾವಣಿಯಿಂದ ರಿಯಾಯಿತಿ ಚೀಟಿ ಅಂಟಿಸಿದ ಪಿಂಗ್‌ಪಾಂಗ್ ಚೆಂಡುಗಳನ್ನು ಸುರಿಸಿದ. ಅವು ನೆಟ್ಟಗೆ ಚರಂಡಿ ಸೇರಿದವು. ಮರುವರ್ಷ ಬಾಡಿಗೆಗೆ ಒಂಟೆ ತರಿಸಿದ. ಅದು ಪಾದ್ರಿಯ ಹೆಂಡತಿಯ ಹ್ಯಾಟು ತಿಂದಿತು. ಈ ಸಲ ‘ಹುಚ್ಚು ದಿನ’. ಅಂಗಡಿಯವರೆಲ್ಲ ಮಲಗುವ ಬಟ್ಟೆಯಲ್ಲೇ ಫುಟ್‌ಪಾತಿಗೆ ಮಾಲು ತಂದು ಮಾರಬೇಕು. ಪ್ಯಾಂಟು ಹಾಕಿ ಬಂದವನಿಗೆ ಊರ ಚೌಕದಲ್ಲಿ ತಮಾಷೆಗೆಂದು ಕಟ್ಟಿದ ಮರದ ಜೈಲು. ಹಾಸಿಗೆ, ಮಂಚ ಮಾರುವ ವರ್ನರ್ ಒಂದು ಹೆಜ್ಜೆ ಮುಂದೆ ಹೋಗಿ ಕಿಟಕಿಯಲ್ಲೇ ಮಲಗಿಬಿಟ್ಟಿದ್ದ.

ಇಷ್ಟೆಲ್ಲ ಲೆಸ್ಟರ್ ಪ್ರಿಂಗಲ್‌ಗಾಗಿ. ಎದುರಿಗಿನ ಬಟ್ಟೆ ಅಂಗಡಿಯ ಲೆಸ್ಟರ್ ಹಳೆಯ ಗೆಳೆಯ. ಅವನ ಬಾಡಿಗೆ ಕರಾರು ಮುಗಿಯುತ್ತಿತ್ತು, ಶಾಪಿಂಗ್ ಸೆಂಟರಿನವರು ಕರೆಯುತ್ತಿದ್ದರು. “ಬೀದಿ ತುಂಬಿದ್ದನ್ನ ಒಂದೇ ಒಂದ್ಸಲ ತೋರ್ಸು ಮಾರಾಯ, ನಾನೆಲ್ಲೂ ಹೋಗಲ್ಲ” ಎಂದಿದ್ದ. ಲೆಸ್ಟರ್ ಹೋದರೆ ಅರ್ಧ ಬೀದಿ ಅವನ ಹಿಂದೆ ಹೋಗುತ್ತಿತ್ತು. ಬೆಳಗಿನ ಕಾಫಿಗೆ ವರ್ನರ್‌ಗೆ ಜೊತೆಯೂ ಇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಹೆಚ್ಚು ಚಿಂತೆಯಿದ್ದುದು ಈ ಎರಡನೆಯದರದ್ದೇ.

ಮಧ್ಯಾಹ್ನದ ಹೊತ್ತಿಗೆ ಬೀದಿ ತುಂಬಿತು! ಕಿಟಕಿಯ ಮುಂದಂತೂ ಕಾಲಿಡಲು ಜಾಗವಿಲ್ಲ. ಜನ ಅವನ ಕುತ್ತಿಗೆಯತ್ತ ಬೆರಳು ತೋರಿಸಿ ಬಿದ್ದುಬಿದ್ದು ನಗುತ್ತಿದ್ದರು. ತನ್ನೊಳಗೆ ಇಂಥ ನಟ ಅಡಗಿದ್ದನೇ ಎಂದು ವರ್ನರ್ ಬೀಗಿದ. ಇನ್ನೂ ಜೋರಾಗಿ ಗೊರಕೆ ಹೊಡೆದ, ಮಗ್ಗುಲು ಬದಲಿಸಿದ, ದಿಂಬನ್ನು ತಬ್ಬಿಕೊಂಡ.

ಉದ್ದನೆಯ ರಾತ್ರಿಯಂಗಿ ತೊಟ್ಟ ಲೆಸ್ಟರ್ ಏದುಸಿರು ಬಿಡುತ್ತ ಒಳಗೆ ಬಂದ.

“ಗೆದ್ಬಿಟ್ಟೆ ಕಣೋ ಹುಚ್ಚಪ್ಪ! ಯುದ್ಧ ಮುಗಿದ ದಿನ ಬಿಟ್ರೆ ಈ ಬೀದೀಲಿ ಇಷ್ಟು ಜನಾನ ನಾನು ನೋಡೇ ಇಲ್ಲ. ಸಂಜೆ ಹೋಗಿ ಇಲ್ಲಿನ ಕರಾರಿಗೇ ಮತ್ತೆ ಸಹಿ...”

ಮಾತು ಅಲ್ಲಿಗೇ ನಿಂತಿತು. ಲೆಸ್ಟರ್ ಬಗ್ಗಿ ವರ್ನರನ ಕಾಲರಿನ ಹಿಂದೆ ಜೋತಾಡುತ್ತಿದ್ದ ಬೆಲೆಚೀಟಿಯನ್ನು ಹಿಡಿದು ನೋಡಿದ. ಅದರ ಮೇಲೆ ಶಾಪಿಂಗ್ ಸೆಂಟರಿನ ಹೆಸರು ಕೆಂಪಗೆ, ದೊಡ್ಡದಾಗಿ ಹಲ್ಲು ಕಿರಿಯುತ್ತಿತ್ತು.

ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ‘ನಮ್ಮ ಬೀದಿಯಲ್ಲೇ ಕೊಳ್ಳಿ’ ಎಂದು ಊರಿಗೆಲ್ಲ ಸಾರಿದ ಅಧ್ಯಕ್ಷರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು.

“ನನ್ನಂಗಡೀಲಿ ಪೈಜಾಮ ಇರ್ಲಿಲ್ವಾ?”

“ಇತ್ತು...”

“ಮತ್ತೆ?”

“ನೀನು ಟೇಪು ಹಿಡಿದು ಸೊಂಟ ಅಳೀತೀಯ. ಅಳ್ದು ಎಲ್ರಿಗೂ ಕೇಳೋ ಹಾಗೆ ಕೂಗ್ತೀಯ. ಅಲ್ಲಿ ಯಾರೂ ಏನೂ ಕೇಳಲ್ಲ ಲೆಸ್. ಕಾರು ನಿಲ್ಸಕ್ಕೂ ಆರಾಮು” ಎಂದ ವರ್ನರ್. ಕೊನೆಯ ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಲೆಸ್ಟರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಂಚದ ಅಂಚಿನಲ್ಲಿ ಕುಳಿತು, ಹೊರಗಿನ ಜನಜಂಗುಳಿಯನ್ನು ನೋಡಿದ.

“ಇವತ್ತು ಬರೋರೆಲ್ಲ ನಾಳೆ ಎಲ್ಲಿಗೆ ಹೋಗ್ತಾರೆ ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡ್ತಿದ್ದೆ. ನೀನೇ ಹೋಗ್ತೀಯ ಅಂದ್ಮೇಲೆ ಇನ್ನೇನು ಯೋಚ್ನೆ, ವರ್ನ್. ನಾನೂ ಅಲ್ಲಿಗೇ ಬರ್ತೀನಿ.”

“ಲೆಸ್, ಒಂದು ಪೈಜಾಮಕ್ಕೆ...”

“ಒಂದೇ ಪೈಜಾಮ ಕಣೋ. ಎಲ್ರೂ ಒಂದೊಂದೇ ತಗೊಳ್ಳೋದು.”

ಎದ್ದವನು, ಅಭ್ಯಾಸಬಲದಿಂದ ಗೆಳೆಯನ ತೋಳಿನ ಹೊಲಿಗೆಯನ್ನು ಎಳೆದು ನೋಡಿದ.

“ಒಂದು ಸೈಜು ಚಿಕ್ಕದು. ನಾನಾಗಿದ್ರೆ ಕೊಡ್ತಿರ್ಲಿಲ್ಲ.”

ಲೆಸ್ಟರ್ ಬೀದಿ ದಾಟಿದ. ಗಾಜಿನಾಚೆ ಒಂದು ಮಗು ಅಪ್ಪನ ಹೆಗಲೇರಿ ಕೈ ಬೀಸುತ್ತಿತ್ತು. ಮತ್ತೆ ಮಲಗದೆ ಅಧ್ಯಕ್ಷರಿಗೆ ಬೇರೆ ದಾರಿ ಕಾಣಲಿಲ್ಲ.