ಮಿಣಿಯ ತೀರ್ಥ

"ದೂರ ನಿಂದ್ರು, ರಂಡೆ. ನಿನ್ನ ನೆರಳು ಮಿಣಿ ಮ್ಯಾಲೆ ಬೀಳಲಿಕ್ಕೆ ಹತ್ಯದ."

ಕೃಷ್ಣಾಜಿ ರಾಯರು ಕಟ್ಟೆಯ ಮೇಲಿಂದ ಹೀಗೆ ಬೈದದ್ದಕ್ಕೆ ಮಾದರ ಚಂದವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಬೆಳ್ಳಿ ತಬಕದಲ್ಲಿ ಕುಂಕುಮ ಮೆತ್ತಿಸಿಕೊಂಡು ಕೂತಿದ್ದ ಆ ತೊಗಲಿನ ಹಗ್ಗ ಅವಳಿಗೆ ಹೊಸದಲ್ಲ. ಸತ್ತ ಎತ್ತು ರಾಯರದೇ. ಅದನ್ನು ಹೊತ್ತು ತಂದು, ಸುಲಿದು, ತೊಗಲು ಹೆರೆದು, ಎಳೆ ಸೀಳಿ ಹೊಸೆದವರು ಅವಳು ಮತ್ತು ಅವಳ ಗಂಡ ಯಮನೂರಪ್ಪ. ನೊಗಕ್ಕೆ ಕಟ್ಟುವ ಮಿಣಿಗೂ ನೆರಳಿನಿಂದ ಮೈಲಿಗೆಯಾಗುತ್ತದೆ ಎಂಬುದು ಮಾತ್ರ ಆವತ್ತು ಗೊತ್ತಾದ ಸುದ್ದಿ.

ಮೂರು ದಿನದಿಂದ ಯಮನೂರಪ್ಪ ಠಾಣೆಯಲ್ಲಿದ್ದ. ಕಳ್ಳರು ರಾಯರನ್ನು ಹೊತ್ತೊಯ್ದು ಕಟ್ಟಿಹಾಕಿದ್ದ ಮಿಣಿ ಇವನು ಹೊಸೆದದ್ದು, ಅಂದಮೇಲೆ ಇವನೂ ಅವರ ಪೈಕಿಯೇ ಎಂದು ಫೌಜದಾರ ಹಿಡಿದೊಯ್ದಿದ್ದ. ದಾರಿಯಲ್ಲಿ ನೊಗದ ಮಿಣಿ ಹರಿದರೆ ಇರಲೆಂದು ಚಂದವ್ವನೇ ಅದನ್ನು ಗಾಡಿಯಲ್ಲಿ ಹಾಕಿದ್ದಳು, ಕಳ್ಳರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು ಎನ್ನುವುದು ರಾಯರಿಗೆ ಗೊತ್ತು. ಫೌಜದಾರನಿಗೆ ಅವರು ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತಿಗೆ ಈಗ ಬದಲು ಕೇಳುತ್ತಿದ್ದರು. ಮಾರುತಿ ಗುಡಿಯ ಮುಂದೆ ಊರು ಕೂಡಿದಾಗ, ಹನುಮಪ್ಪ ದೇವರೇ ಬಂದು ಮಿಣಿ ಹರಿದದ್ದನ್ನು ತಾನು ಕಣ್ಣಾರೆ ಕಂಡೆ ಎಂದು ಅವಳು ಹೇಳಬೇಕು.

"ಹಲ್ಲಿಲೆ ಹರದಾ ಅನ್ನು," ಎಂದರು ರಾಯರು. "ಅಂದ್ರ ಇವತ್ತ ನಿನ್ನ ಗಂಡ ಮನಿಯೊಳಗ ಇರ್ತಾನ. ಇಲ್ಲಂದ್ರ ವಿಜಾಪುರದ ಜೇಲಿನೊಳಗ."

ಚಂದವ್ವ ತಬಕದತ್ತ ನೋಡಿದಳು. ಇಡಿಯಾಗಿ ಊರಿಗೆ ಬಂದ ಮಿಣಿ ಈಗ ಎರಡು ತುಂಡಾಗಿತ್ತು. ತೊಗಲು ಕೊಯ್ದೇ ಕೂದಲು ಹಣ್ಣಾದವಳಿಗೆ ಹಲ್ಲಿನ ಗುರುತು ಯಾವುದು, ಈಳಿಗೆಯ ಗುರುತು ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದಳು.

ನಡೆದದ್ದು ಇಷ್ಟು. ಬಾದಾಮಿ ಸಂತೆಯಿಂದ ರಾಯರ ಗಾಡಿ ಮರಳುತ್ತಿತ್ತು. ಚಂದವ್ವ ತಲೆಯ ಮೇಲೆ ಗಂಟು ಹೊತ್ತು ಗಾಡಿಯ ಹಿಂದೆ ನಡೆಯುತ್ತಿದ್ದಳು. ಗುಡ್ಡದ ತಿರುವಿನಲ್ಲಿ ಮುಖಕ್ಕೆ ಬಟ್ಟೆ ಸುತ್ತಿದ ಐದು ಜನ ಅಡ್ಡ ಬಂದರು. ಗಾಡಿ ಹೊಡೆಯುವವನು ಹೊಲಗಳ ಕಡೆ ಓಡಿದ. ಊರಿಂದ ಒತ್ತೆಯ ರೊಕ್ಕ ಬರುವ ತನಕ ಕಳ್ಳರಿಗೆ ರಾಯರು ಬೇಕಾಗಿದ್ದರು. ಅಲ್ಲಿಯ ತನಕ ರೊಟ್ಟಿ ಬಡಿಯಲು ಚಂದವ್ವ ಬೇಕಾದಳು.

ಗವಿಯೊಳಗೆ ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ, ಗಾಡಿಯಲ್ಲಿದ್ದ ಮಿಣಿಯಿಂದ ನಾಲ್ಕು ಕೈಗಳನ್ನು ಒಂದೇ ಗಂಟಿಗೆ ಬಿಗಿದರು, ರೊಟ್ಟಿಯ ಹೊತ್ತಿಗಷ್ಟೇ ಬಿಚ್ಚುತ್ತಿದ್ದರು. ಇವಳನ್ನು ಮುಟ್ಟುವಂತೆ ಕಟ್ಟಬೇಡಿರೆಂದು ರಾಯರು ಬೇಡಿಕೊಂಡರು. ಕಳ್ಳರು ನಕ್ಕರು, ಭಯದ ನಡುವೆಯೂ ಚಂದವ್ವನಿಗೆ ನಗು ತಡೆಯಲಾಗಲಿಲ್ಲ. ಮೊದಲ ದಿನ ಅವಳು ಬಡಿದ ರೊಟ್ಟಿಯನ್ನು ರಾಯರು ಮುಟ್ಟಲಿಲ್ಲ. ಎರಡನೆಯ ದಿನ ಕಣ್ಣು ಮುಚ್ಚಿಕೊಂಡು ಮೂರು ತಿಂದರು.

ಉಳಿದ ಹೊತ್ತೆಲ್ಲ ಜಪ. ಅಷ್ಟು ಹತ್ತಿರದಿಂದ ಮಂತ್ರ ಚಂದವ್ವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅರ್ಥವಾಗದಿದ್ದರೂ ಆ ಗುಣುಗುಣು ಕೆಟ್ಟದೆನಿಸಲಿಲ್ಲ. ಬೆನ್ನ ಹಿಂದಿನ ಮನುಷ್ಯ ಇನ್ನೂ ಸತ್ತಿಲ್ಲ ಎಂದಾದರೂ ತಿಳಿಯುತ್ತಿತ್ತು. ಅವಳೂ ತನ್ನ ದ್ಯಾಮವ್ವನಿಗೆ ಒಂದು ಕೋಳಿ ಹೇಳಿಕೊಂಡಳು.

ಮೂರನೆಯ ಮಧ್ಯಾಹ್ನ, ಊರಿಂದ ಏನೂ ಬರಲಿಲ್ಲ, ಸಂಜೆಗೆ ಇಬ್ಬರನ್ನೂ ಕಮರಿಗೆ ನೂಕಿ ಹೋಗೋಣ ಎಂದು ಮಾತಾಡಿಕೊಂಡು ಕಳ್ಳರು ನೀರಿಗೆ ಇಳಿದರು. ಕಾವಲಿಗಿದ್ದವನು ಬಿಸಿಲ ಝಳಕ್ಕೆ ನಿದ್ದೆಹೋದ. ರಾಯರ ಜಪ ಜೋರಾಯಿತು. ಚಂದವ್ವ ಮಿಣಿಯ ಬಗ್ಗೆ ಯೋಚಿಸಿದಳು. ಹದ ಹಾಕದ ತೊಗಲು ಒಣಗಿದಷ್ಟೂ ಬಿಗಿಯುತ್ತದೆ, ನೆನೆದರೆ ಕರುಳಿನ ಹಾಗೆ ಜಗ್ಗುತ್ತದೆ. ಗವಿಯಲ್ಲಿ ಹನಿ ನೀರಿಲ್ಲ. ಆದರೆ ಇಬ್ಬರ ಬೆನ್ನುಗಳ ನಡುವೆ, ಕಟ್ಟಿದ ಕೈಗಳ ಕೆಳಗೆ, ಕಲ್ಲಿನಲ್ಲೊಂದು ಕುಳಿಯಿತ್ತು. ಬೆಳಗಿನಿಂದ ತಡೆದಿಟ್ಟುಕೊಂಡದ್ದನ್ನು ಅವಳು ಬಿಟ್ಟಳು.

"ಏನಿದು ಬಿಸಿ ಬಿಸಿ?" ಎಂದರು ರಾಯರು.

"ಉಚ್ಚಿ, ರಾಯರ. ಸುಮ್ಮನ ಕೈ ಅದ್ದರಿ. ತೊಗಲು ನೆನೀಲಿ."

ಕಾವಲಿನವನು ಎಚ್ಚರಾಗದಂತೆ ರಾಯರು ಪಿಸುದನಿಯಲ್ಲೇ ಅವಳ ವಂಶವನ್ನೆಲ್ಲ ಜಾಲಾಡಿದರು. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ, "ನಂದಷ್ಟ ಸಾಲವಲ್ದು. ನೀವೂ ಬಿಡ್ರಿ," ಎಂದಳು.

ರಾಯರು ಮತ್ತೆ ಜಪಕ್ಕಿಳಿದರು. ಒಂದು ಮಂತ್ರದ ನಡುವೆ ಜಪ ನಿಂತಿತು, ಕುಳಿ ಮತ್ತೆ ಬಿಸಿಯಾಯಿತು.

ಗಂಟು ಜಾರಿದ ಮೇಲೆ ಮಿಣಿಯನ್ನು ಅಲ್ಲೇ ಬಿಟ್ಟು ಬರಲು ಚಂದವ್ವನಿಗೆ ಮನಸ್ಸಾಗಲಿಲ್ಲ, ಒಳ್ಳೆಯ ಎತ್ತಿನ ತೊಗಲು. ನಡುವಿಗೆ ಸುತ್ತಿಕೊಂಡೇ ಗುಡ್ಡ ಇಳಿದಳು. ಊರ ಅಗಸೆ ಬಾಗಿಲ ಹತ್ತಿರ ರಾಯರು ಅದನ್ನು ಕಸಿದುಕೊಂಡರು.

ಗುಡಿಯ ಮುಂದೆ ಜನ ಕಿಕ್ಕಿರಿದಿತ್ತು. ಫೌಜದಾರ ಯಮನೂರಪ್ಪನನ್ನು ಕೈಕಟ್ಟಿ ತಂದು ನಿಲ್ಲಿಸಿದ್ದ. ಸತ್ತ ಎತ್ತಿನ ತೊಗಲು ಗುಡಿಯೊಳಗೆ ಹೇಗೆ ಎಂದು ಯಾರೋ ಕೇಳಿದ್ದಕ್ಕೆ, ಋಷಿಗಳು ಕೂರುವ ಜಿಂಕೆಯ ಚರ್ಮವೂ ತೊಗಲೇ ಅಲ್ಲವೇ ಎಂದು ಪೂಜಾರಿ ಪಂಢರೀನಾಥ ಉತ್ತರ ಕೊಟ್ಟಿದ್ದ. ಗವಿಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಭಕ್ತಿಯ ಭರದಲ್ಲಿ ಮಿಣಿಯ ಎರಡೂ ತುಂಡುಗಳನ್ನು ತಾಮ್ರದ ಗಂಗಾಳದ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತೀರ್ಥ ಹಂಚಲು ಬಂದ. ರಾಯರ ಮುಖ ಬಿಳಿಚಿತು. ಮೊದಲ ತೀರ್ಥ ಅವರ ಅಂಗೈಗೇ ಬಿತ್ತು. ಆಮೇಲೆ ಫೌಜದಾರನಿಗೆ, ಆಮೇಲೆ ಊರಿಗೆ. ಚಂದವ್ವ ಸಾಕ್ಷಿ ನುಡಿದ ಮೇಲೆ ಜಯಕಾರ ಹಾಕಿ ಎಲ್ಲರೂ ಒಮ್ಮೆಗೇ ಕುಡಿಯಬೇಕೆಂದು ಪೂಜಾರಿ ಸಾರಿದ.

ಬೇವಿನ ಗಿಡದ ಆಚೆ ನಿಂತಿದ್ದ ಚಂದವ್ವ, "ಮೊದಲ ನನ ಗಂಡನ ಕೈ ಬಿಚ್ಚರಿ. ಅವನ್ನ ಹಂಗ ನೋಡಿಕೋತ ದೇವರ ಮಾತು ಬಾಯಾಗ ಬರವಲ್ದು," ಎಂದಳು.

ರಾಯರಿಗೆ ಬೇಗ ಮುಗಿದರೆ ಸಾಕಾಗಿತ್ತು. ಮಿಣಿ ತಮ್ಮ ಗಾಡಿಯಲ್ಲೇ ಇದ್ದದ್ದೆಂದೂ ಈ ಮನುಷ್ಯನದು ಏನೂ ತಪ್ಪಿಲ್ಲವೆಂದೂ ಊರೆಲ್ಲ ಕೇಳುವಂತೆ ಹೇಳಿದರು. ಫೌಜದಾರ ಕಟ್ಟು ಬಿಚ್ಚಿಸಿದ. ಯಮನೂರಪ್ಪ ಮಣಿಕಟ್ಟು ತಿಕ್ಕಿಕೊಳ್ಳುತ್ತ ಬಂದು ಹೆಂಡತಿಯ ಪಕ್ಕದಲ್ಲಿ ನಿಂತ.

"ನಾ ನಮ್ಮ ದ್ಯಾಮವ್ವನ್ನ ಕರದ್ನಿ," ಎಂದಳು ಚಂದವ್ವ. "ರಾಯರು ತಮ್ಮ ಹನುಮಪ್ಪನ್ನ ಕರದ್ರು. ಇಬ್ರೂ ಬರಲಿಲ್ಲ. ಉಚ್ಚಿ ಬಂತು. ಮೊದಲ ನಂದು, ಆಮ್ಯಾಲ ರಾಯರದು. ಎರಡೂ ಒಂದ ಕುಳಿಯಾಗ ಕೂಡಿದ್ವು. ಯಾವುದು ಯಾರದಂತ ತೊಗಲು ಕೇಳಲಿಲ್ಲ. ಬಿಚ್ಚಿಕೊಂತು."

ಹಿಂದೆ ಯಾರೋ ಕಿಸಕ್ಕನೆ ನಕ್ಕು, ತನ್ನ ಕೈಯಲ್ಲಿದ್ದದ್ದನ್ನು ನೋಡಿಕೊಂಡು ಸುಮ್ಮನಾದ. ಫೌಜದಾರನಿಗೆ ಬೆತ್ತ ಬೇಕಾಗಿತ್ತು, ಬಲಗೈ ತುಂಬ ತೀರ್ಥ.

"ಸುಳ್ಳು," ಎಂದರು ರಾಯರು. "ಈ ಬೋಸುಡಿ ಸುಳ್ಳು ಹೇಳಲಿಕ್ಕೆ ಹತ್ಯಾಳ."

"ಸುಳ್ಳಾದ್ರ ಕುಡೀರಿ, ರಾಯರ."

ತೀರ್ಥ, ನೆಲಕ್ಕೆ ಚೆಲ್ಲುವಂತಿಲ್ಲ. ಇಡೀ ಊರು ಅಂಗೈ ಚಾಚಿಕೊಂಡೇ ರಾಯರ ಬಾಯಿ ನೋಡುತ್ತಿತ್ತು. ಅವರ ಕೈ ಗದ್ದದ ತನಕ ಏರಿ, ಅಲ್ಲೇ ನಿಂತಿತು. ಬೆರಳ ಸಂದಿಯಿಂದ ಒಂದೊಂದೇ ಹನಿ ಅವರ ಮಡಿ ಧೋತರದ ಮೇಲೆ ಬೀಳತೊಡಗಿತು.