ಬಾಗೇವಾಡಿಯ ಮಂಗಳವಾರ

ಶಿವಾನಿ ಸಿಂದಗಿ ತಾಲ್ಲೂಕಿನ ಯಂಕಂಚಿಯ ಶಾಲೆಯಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಕಲಿಸುತ್ತಿದ್ದಳು. ಗಂಡ ಪರಶು ಆಲಮಟ್ಟಿಯ ಆಣೆಕಟ್ಟಿನಲ್ಲಿ ಇಲೆಕ್ಟ್ರಿಷಿಯನ್. ಮದುವೆಯಾಗಿ ಆರು ವರ್ಷವಾಗಿತ್ತು. ಅವಳದು ಸಿಂದಗಿಯಲ್ಲೊಂದು ಬಾಡಿಗೆ ಕೋಣೆ, ಅವನದು ಆಲಮಟ್ಟಿಯಲ್ಲಿ ಇನ್ನೊಬ್ಬರೊಡನೆ ಹಂಚಿಕೊಂಡ ಕ್ವಾರ್ಟರ್ಸು. ಶನಿವಾರ ಸಂಜೆ ಬಂದರೆ ರವಿವಾರ ಸಂಜೆ ಅವನು ಹೊರಡಲೇಬೇಕು. ರವಿವಾರ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಇಬ್ಬರ ಮಾತೂ ಕಡಿಮೆಯಾಗುತ್ತಿತ್ತು.

ಮನೆ ಕೊಳ್ಳುವುದೆಂದು ಗಟ್ಟಿಯಾದ ಮೇಲೆ ಯಾವ ಊರಲ್ಲಿ ಎಂಬುದು ಬಗೆಹರಿಯಲಿಲ್ಲ. ಮುದ್ದೇಬಿಹಾಳ ಅವನಿಗೆ ಅನುಕೂಲ, ಅವಳಿಗೆ ದೂರ. ಇಂಡಿಯಲ್ಲಿದ್ದ ಪರಶುವಿನ ಅಕ್ಕ ಯಲ್ಲವ್ವ ಫೋನು ಮಾಡಿದಾಗಲೆಲ್ಲ ಇಲ್ಲಿಗೇ ಬಂದುಬಿಡಿ ಎನ್ನುತ್ತಿದ್ದಳು. ಆದರೆ ಆಲಮಟ್ಟಿಗೆ ಅದು ಜಿಲ್ಲೆಯ ಇನ್ನೊಂದು ತುದಿ. ಸಿಂದಗಿಯಲ್ಲಿ ಕೊಂಡರೆ ಈಗಿನ ಬಾಳೇ ಮುಂದುವರಿದಂತೆ. ಕಡೆಗೆ ನಡುವಿನ ಬಸವನ ಬಾಗೇವಾಡಿ ಉಳಿಯಿತು.

ಅಲ್ಲಿ ಇಸ್ಮಾಯಿಲ ಎಂಬ ಗವಂಡಿ ಒಂದು ಹೊಸ ಮನೆ ಕಟ್ಟಿ ಮಾರಾಟಕ್ಕಿಟ್ಟಿದ್ದ. ಎರಡು ಕೋಣೆ, ಬೆಳಕಿನ ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಪಡಸಾಲೆಯ ಗೋಡೆ ನೋಡುತ್ತಲೇ ಶಿವಾನಿ, ನಮ್ಮ ಬುದ್ಧನ ಫೋಟೋ ಇಲ್ಲಿ ಹಾಕೋಣ ಎಂದಳು. ಅವಳ ದನಿ ಕೇಳಿ ಪರಶುವಿನ ಮನಸ್ಸೂ ಆ ಮನೆಯಲ್ಲೇ ನಿಂತಿತು. ದಿನದ ಓಡಾಟದ ಬಗ್ಗೆ ಇಬ್ಬರೂ ಅಳುಕಿದ್ದು ಇಸ್ಮಾಯಿಲನಿಗೆ ತಿಳಿಯಿತು.

"ಕಾಗದಪತ್ರಕ್ಕ ಇನ್ನೂ ಟೈಮ್ ಐತ್ರಿ ಅಕ್ಕಾರ," ಎಂದ. "ಒಂದ್ ವಾರ ಇದ್ದ ನೋಡ್ರಿ. ಬಸ್ಸಿನ ತಿರುಗಾಟ ಹೊಂದ್ತೈತೋ ಇಲ್ಲೋ ಗೊತ್ತಾಗ್ತೈತಿ."

ಮುಂದಿನ ರವಿವಾರ ಒಂದು ಹಾಸಿಗೆ, ಒಂದು ಒಲೆ, ನಾಲ್ಕು ಪಾತ್ರೆ ಹಿಡಿದು ಬಂದಿಳಿದರು. ಸಂಜೆ ಐದಾದಾಗ ಪರಶು ರೂಢಿಯಂತೆ ಎದ್ದು ನಿಂತ. ಈ ರವಿವಾರ ಎಲ್ಲಿಗೂ ಹೋಗಬೇಕಾಗಿಲ್ಲವೆಂದು ಹೊಳೆದು ಮತ್ತೆ ಕುಳಿತ.

ಶಿವಾನಿ ಬೆಳಗಿನ ಆರರ ಬಸ್ಸು ಹಿಡಿದು, ದೇವರ ಹಿಪ್ಪರಗಿಯಲ್ಲೊಮ್ಮೆ, ಸಿಂದಗಿಯಲ್ಲೊಮ್ಮೆ ಇಳಿದು ಹತ್ತಿ ಶಾಲೆ ಮುಟ್ಟುತ್ತಿದ್ದಳು. ತಿರುಗಿ ಬರುವಾಗ ಏಳಾಗುತ್ತಿತ್ತು. ಮಂಗಳವಾರ ಅವಳು ಬರುವಷ್ಟರಲ್ಲಿ ಪರಶು ಖಾನಾವಳಿಯಿಂದ ರೊಟ್ಟಿ ತಂದು, ಬದನೆಕಾಯಿ ಪಲ್ಯ ಮಾಡಿಟ್ಟಿದ್ದ. ಇಬ್ಬರೂ ಎದುರುಬದುರು ಕುಳಿತರು. ಸುಟ್ಟುಹೋದ ಒಂದು ಮೋಟರಿನ ಕತೆ ಅವನು ಹೇಳಿದ. ಈಗಷ್ಟೇ ಅಕ್ಷರ ಕೂಡಿಸಿ ಓದತೊಡಗಿದ ಐಶ್ವರ್ಯ ಎಂಬ ಹುಡುಗಿಯ ಸುದ್ದಿ ಅವಳು ಹೇಳಿದಳು. ದಿನಾ ಬೆಳಿಗ್ಗೆ ಒಂದು ಸಾಲು ಓದಿ ತೋರಿಸಿದ ಮೇಲೆಯೇ ಆ ಹುಡುಗಿ ತನ್ನ ಜಾಗಕ್ಕೆ ಹೋಗುತ್ತಿದ್ದಳಂತೆ. ಫೋನಿನಲ್ಲಿ ಹೇಳುವಷ್ಟು ದೊಡ್ಡದಲ್ಲವೆಂದು ಇಷ್ಟು ವರ್ಷ ಬಿಟ್ಟುಹೋದ ಮಾತುಗಳು ಇಂಥವೇ.

"ಮಂಗಳವಾರ ನಿಮ್ಮ ಮುಖಾ ಹೆಂಗಿರ್ತೈತಿ ಅಂತ ನಾ ಇವತ್ತ ನೋಡಿದೆ," ಎಂದಳು ಶಿವಾನಿ. ಪರಶು ನಕ್ಕು ತನ್ನ ತಟ್ಟೆಯ ಬದನೆಕಾಯಿಯನ್ನು ಅವಳ ತಟ್ಟೆಗೆ ಹಾಕಿದ.

ಗುರುವಾರ ಹಿಪ್ಪರಗಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಅವಳು ಶಾಲೆ ಸೇರಿದಾಗ ಹನ್ನೊಂದು ಮೀರಿತ್ತು. ಮುಖ್ಯೋಪಾಧ್ಯಾಯ ಚನ್ನಬಸಯ್ಯನವರು ಅವಳ ಮಕ್ಕಳನ್ನೂ ತಮ್ಮ ಐದನೇ ತರಗತಿಯಲ್ಲಿ ಕೂರಿಸಿಕೊಂಡಿದ್ದರು. ಅವರು ಬೈಯಲಿಲ್ಲ, ನೀರು ಕುಡಿಯಿರಿ ಎಂದಷ್ಟೇ ಹೇಳಿದರು. ಐಶ್ವರ್ಯ ಮೂಲೆಯಲ್ಲಿದ್ದಳು.

"ನೀವು ಬರೂದಿಲ್ಲ ಅಂತ ಪುಸ್ತಕ ಚೀಲದಾಗ ಇಟ್ಟೇನ್ರಿ ಅಕ್ಕೋರ," ಎಂದಳು. ತೆಗೆ ಎಂದರೂ ಆ ದಿನ ತೆಗೆಯಲಿಲ್ಲ.

ಆ ಸಂಜೆ ಶಿವಾನಿ ಊಟಕ್ಕೆ ಕುಳಿತಲ್ಲೇ ನಿದ್ದೆಹೋದಳು. ಪರಶು ಒದ್ದೆ ಬಟ್ಟೆಯಿಂದ ಅವಳ ಬೆರಳು ಒರೆಸಿ, ತಲೆಗೆ ದಿಂಬು ಕೊಟ್ಟ.

ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಮನೆಗೆ ಬಂದ ಶಿವಾನಿ ಸಂಜೆ ಹಿತ್ತಲ ಕಲ್ಲಿನ ಮೇಲೆ ಕುಳಿತು ಹೇಳಿದಳು. "ಈ ಮನಿ ನನ್ನ ಮನಸ್ಸಿಗೆ ಭಾಳ ಬಂದೈತ್ರಿ. ಆದ್ರ ಇಲ್ಲಿಂದ ಓಡಾಡೂದು ನನ್ನ ಕೈಲೆ ಆಗೂದಿಲ್ಲ. ಆ ಹುಡುಗೂರು ನನ್ನ ದಾರಿ ಕಾಯ್ತಾವ."

ಪರಶು ಬಂದು ಅವಳ ಪಕ್ಕದಲ್ಲಿ ಕುಳಿತ.

"ನಾನೂ ಆರ ವರ್ಷ ಕಾಯ್ದೇನಿ," ಎಂದ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಮರುದಿನ ಅವನೇ ಹೋಗಿ ಇಸ್ಮಾಯಿಲನಿಗೆ ಕೀಲಿ ಒಪ್ಪಿಸಿ ಬಂದ. ಆ ವಾರದಲ್ಲೇ ಸಿಂದಗಿ ಕಡೆಯ ಕಾಲುವೆ ಕಚೇರಿಗೆ ವರ್ಗ ಕೇಳಿ ಅರ್ಜಿ ಕೊಟ್ಟ. ಅಲ್ಲಿರುವವರು ನಿವೃತ್ತರಾಗುವುದು ಬರುವ ವರ್ಷದ ಕೊನೆಗೆ, ಅಲ್ಲಿಯವರೆಗೆ ಜಾಗ ಖಾಲಿಯಿಲ್ಲ ಎಂದು ಸಾಹೇಬರು ತಿಳಿಸಿದರು. ಗಂಡಹೆಂಡತಿ ಸಿಂದಗಿಯಲ್ಲಿ ಒಂದು ಹಳೆಯ ಸಣ್ಣ ಮನೆ ಕೊಂಡರು. ಪರಶು ತನ್ನ ಪಾಳಿಯನ್ನು ಜೊತೆಗಾರನೊಡನೆ ಹೊಂದಿಸಿಕೊಂಡು ಬುಧವಾರವೂ ಬರುವಂತೆ ಮಾಡಿಕೊಂಡ.

ಮೊದಲ ಬುಧವಾರ ಬಂದ ಪರಶು ಗುರುವಾರ ಬೆಳಗಿನ ಐದೂವರೆಗೆ ಹೊರಟಾಗ ಬೇಡವೆಂದರೂ ಶಿವಾನಿ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಅವನು ಕಿಟಕಿಯ ಪಕ್ಕ ಕುಳಿತು, ಮನೆಗೆ ಹೋಗು ಎಂದು ಕೈಮಾಡಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಯಂಕಂಚಿಯ ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಮನೆ ಹತ್ತು ನಿಮಿಷದ ದಾರಿ. ಆದರೂ ಅವಳು ಅಲ್ಲೇ ಕಲ್ಲುಬೆಂಚಿನ ಮೇಲೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಬೆಳಗಾಗುವವರೆಗೂ ಕುಳಿತಿದ್ದಳು.